ಕಮೋಡ್ ಕೊಳ್ಳುವ ಮೊದಲು ಟೇಪು ಹಿಡಿಯಿರಿ

ಮನೆ ಕಟ್ಟುವ, ರಿಪೇರಿ ಮಾಡಿಸುವ ಓದುಗರ ಪ್ರಶ್ನೆಗಳಿಗೆ ತಿಪಟೂರಿನ ಸ್ಯಾನಿಟರಿ ಅಂಗಡಿಯ ಒಡತಿಯ ಉತ್ತರಗಳು

ಪ್ರಶ್ನೆ: ಊರಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ, ಮಾವ, ಒಟ್ಟು ಆರು ಜನ. ಎರಡು ಟಾಯ್ಲೆಟ್. ನೀರು ಬೋರ್‌ವೆಲ್‌ನದು. ಶೋರೂಮಿಗೆ ಹೋದರೆ ಒನ್ ಪೀಸ್, ಟೂ ಪೀಸ್, ವಾಲ್ ಹಂಗ್, ರಿಮ್‌ಲೆಸ್ ಅಂತ ತಲೆ ಕೆಡಿಸುತ್ತಾರೆ. ಬಾಳಿಕೆ ಬರುವ ಕಮೋಡ್ ಯಾವುದು ಅಂತ ಹೇಳಿ. ಕಂಪನಿ ಹೆಸರು ಹೇಳಿದರೆ ಇನ್ನೂ ಒಳ್ಳೆಯದು.
— ಗೃಹಿಣಿ, ಅರಸೀಕೆರೆ ತಾಲ್ಲೂಕು

ಉತ್ತರ: ಕಂಪನಿ ಹೆಸರು ಮಾತ್ರ ಕೇಳಬೇಡಿ. ಅಂಗಡಿ ಇಟ್ಟುಕೊಂಡವಳು ಪತ್ರಿಕೆಯಲ್ಲಿ ಹೆಸರು ಬರೆದರೆ, ಕಮಿಷನ್ ಎಷ್ಟು ಅಂತ ಮರುದಿನವೇ ಊರಲ್ಲಿ ಲೆಕ್ಕ ಶುರುವಾಗುತ್ತದೆ. ಗಲ್ಲಾ ಪೆಟ್ಟಿಗೆಯ ಹಿಂದೆ 31 ವರ್ಷ ಕೂತು ನಾನು ಕಂಡದ್ದನ್ನು ಹೇಳುತ್ತೇನೆ. ಕಮೋಡ್ ಸರಿಯಿಲ್ಲ ಅಂತ ಜಗಳಕ್ಕೆ ಬಂದವರಲ್ಲಿ ಹೆಚ್ಚಿನವರ ಕಮೋಡ್ ಸರಿಯಾಗಿಯೇ ಇರುತ್ತದೆ, ಅಳತೆ ತಪ್ಪಿರುತ್ತದೆ.

ಆರು ಜನ, ಬೋರ್‌ವೆಲ್, ಅತ್ತೆ ಮಾವ ಎಲ್ಲ ಬರೆದಿದ್ದೀರಿ. ನನಗೆ ಬೇಕಾದ ಒಂದು ಅಂಕಿ ಮಾತ್ರ ಬರೆದಿಲ್ಲ. ನೆಲದಲ್ಲಿ ಬಿಟ್ಟಿರುವ ನಾಲ್ಕಿಂಚಿನ ಪೈಪಿನ ನಡುಮಧ್ಯದಿಂದ ಹಿಂದಿನ ಗೋಡೆಗೆ ಎಷ್ಟು ಇಂಚು? ಪೈಪು ನೆಲದೊಳಕ್ಕೆ ಇಳಿದಿದ್ದರೆ ಎಸ್ ಟ್ರಾಪ್ ಕಮೋಡ್ ಬೇಕು, ಹಿಂದಿನ ಗೋಡೆಯೊಳಕ್ಕೆ ಹೋಗಿದ್ದರೆ ಪಿ ಟ್ರಾಪ್. ಎಸ್ ಟ್ರಾಪ್‌ನಲ್ಲಿ ನಮ್ಮ ಕಡೆ ಹೆಚ್ಚಾಗಿ ಸಿಗುವುದು 4, 9 ಮತ್ತು 12 ಇಂಚಿನವು. ಡಬ್ಬದ ಮೇಲೆ 100, 220 ಇಲ್ಲವೇ 225, 300 ಅಂತ ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. ಪಿ ಟ್ರಾಪ್ ಆದರೆ ಟೈಲ್ಸ್ ಹಾಕಿದ ನೆಲದಿಂದ ಪೈಪಿನ ಮಧ್ಯಕ್ಕೆ ಸಾಮಾನ್ಯವಾಗಿ 180 ಮಿ.ಮೀ., ಅಂದರೆ ಏಳಿಂಚು. ಈ ಅಳತೆ ಕೈಯಲ್ಲಿ ಇಲ್ಲದೆ ಶೋರೂಮಿಗೆ ಹೋಗುವುದು, ಕಾಲಿನ ಸೈಜು ಗೊತ್ತಿಲ್ಲದೆ ಬೇರೆಯವರಿಗೆ ಚಪ್ಪಲಿ ತಂದ ಹಾಗೆ.

ಊರಿಗೆಲ್ಲ ಇದನ್ನು ಹೇಳುವ ನಾನೇ ಸ್ವಂತ ಮನೆಯಲ್ಲಿ ಎಡವಿದ್ದೇನೆ. ಗೋಡೆ ಇನ್ನೂ ಬರೀ ಇಟ್ಟಿಗೆಯಾಗಿದ್ದಾಗಲೇ ಟೇಪು ಹಿಡಿದು, ಸರಿಯಾಗಿ 12 ಇಂಚು ಅಂತ ಡೈರಿಯಲ್ಲಿ ಬರೆದುಕೊಂಡೆ. ಗೋಡೆ ಸೊಟ್ಟಗಿದೆ ಅಂತ ಮೇಸ್ತ್ರಿ ಪ್ಲಾಸ್ಟರಿಂಗ್ ದಪ್ಪ ಮಾಡಿದರು, ಅದರ ಮೇಲೆ ಟೈಲ್ಸ್ ಬಂತು. ಕಮೋಡ್ ಕೂರಿಸುವ ದಿನ ಅಳೆದರೆ ಉಳಿದದ್ದು ಹತ್ತೂವರೆ. 12ರ ಕಮೋಡಿನ ಬೆನ್ನು ಗೋಡೆಗೆ ಒತ್ತಿಕೊಂಡು ನಿಂತಿತು, ಕೆಳಗಿನ ಬಾಯಿ ಪೈಪಿಗೆ ಸೇರಲೇ ಇಲ್ಲ. ಕೊನೆಗೆ 9 ಇಂಚಿನದನ್ನು ಕೂರಿಸಿ ಹಿಂದೆ ಒಂದೂವರೆ ಇಂಚು ಸಂದಿ ಬಿಟ್ಟೆವು. ಆ ಸಂದಿಗೆ ಬಿದ್ದ ಬಾಚಣಿಗೆ, ಟೂತ್‌ಬ್ರಷ್‌ಗಳನ್ನು ಪ್ರತಿವರ್ಷ ನೀರು ತುಂಬುವ ಹಬ್ಬದ ದಿನ ಕಡ್ಡಿ ಹಾಕಿ ಎಳೆಯುವುದು ನಮ್ಮ ಮನೆಯ ಸಂಪ್ರದಾಯವಾಗಿಬಿಟ್ಟಿದೆ. ಹಾಗಾಗಿ ಅಳತೆ ತೆಗೆಯುವುದಿದ್ದರೆ ಟೈಲ್ಸ್ ಮುಗಿದ ಮೇಲೆ ತೆಗೆಯಿರಿ. ಮೊದಲೇ ತೆಗೆಯಲೇಬೇಕಾದರೆ ಪ್ಲಾಸ್ಟರಿಂಗ್, ಗಮ್ಮು, ಟೈಲ್ಸ್ ಸೇರಿ ಎಷ್ಟು ದಪ್ಪ ಬರುತ್ತದೆ ಅಂತ ಮೇಸ್ತ್ರಿಯ ಬಾಯಲ್ಲಿ ಹೇಳಿಸಿ ಕಳೆಯಿರಿ.

ಇನ್ನು ಬಗೆ. ಕಮೋಡ್ ತೊಳೆದುಕೊಳ್ಳುವ ರೀತಿ ಎರಡು. ನೀರು ರಭಸವಾಗಿ ಇಳಿದು ಎಲ್ಲವನ್ನೂ ಮುಂದಕ್ಕೆ ತಳ್ಳುವುದು ವಾಷ್‌ಡೌನ್. ಒಳಗಿನ ದಾರಿಯೆಲ್ಲ ನೀರು ತುಂಬಿ, ಗೊಟಗೊಟ ಸದ್ದು ಮಾಡುತ್ತ ಹೀರಿಕೊಳ್ಳುವುದು ಸೈಫಾನಿಕ್. ಸೈಫಾನಿಕ್ ನೋಡಲು ಚೆಂದ. ಬಟ್ಟಲಲ್ಲಿ ನೀರು ಅಗಲವಾಗಿ ನಿಲ್ಲುತ್ತದೆ, ಕಲೆ ಕಡಿಮೆ, ವಾಸನೆಯೂ ಕಡಿಮೆ. ಆದರೆ ಅದರ ಹೊಟ್ಟೆಯೊಳಗಿನ ದಾರಿ ಉದ್ದ, ಕಿರಿದು, ತಿರುವು ಜಾಸ್ತಿ. ಟ್ಯಾಂಕಿನಲ್ಲಿ ನೀರು ಪೂರ್ತಿ ತುಂಬಿರದಿದ್ದರೆ ಆ ಹೀರುವಿಕೆ ಶುರುವೇ ಆಗುವುದಿಲ್ಲ. ಕರೆಂಟ್ ಹೋಗಿ ಮೋಟರ್ ನಿಂತ ದಿನ, ಮಕ್ಕಳು ಪೇಪರ್ ತುರುಕಿದ ದಿನ ನಿಮಗೇ ಗೊತ್ತಾಗುತ್ತದೆ. ಆರು ಜನರ ಮನೆಗೆ, ಬೋರ್‌ವೆಲ್ ನಂಬಿಕೊಂಡ ಮನೆಗೆ, ವಾಷ್‌ಡೌನ್ ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ಫ್ಲಶ್ ಕೆಟ್ಟರೂ ಅರ್ಧ ಬಕೆಟ್ ನೀರನ್ನು ಒಂದೇ ಏಟಿಗೆ ಸುರಿದರೆ ಸಾಕು, ಹೋಗುತ್ತದೆ.

ಒನ್ ಪೀಸೋ ಟೂ ಪೀಸೋ ಅನ್ನುವುದು ದುಡ್ಡಿನ ಪ್ರಶ್ನೆ ಅಷ್ಟೇ. ಒನ್ ಪೀಸಿನಲ್ಲಿ ಸಂದಿ ಇಲ್ಲ, ಒರೆಸುವುದು ಸುಲಭ. ಟ್ಯಾಂಕು ಬಿರುಕು ಬಿಟ್ಟರೆ ಮಾತ್ರ ಇಡೀ ಕಮೋಡ್ ಹೊರಗೆ. ಟೂ ಪೀಸಿನಲ್ಲಿ ಟ್ಯಾಂಕಿಗೂ ಬಟ್ಟಲಿಗೂ ನಡುವೆ ಒಂದು ದಪ್ಪ ವಾಷರ್ ಇರುತ್ತದೆ. ಅದು ಸೋರಿದರೆ ವಾಷರ್ ಬದಲಾಯಿಸಿದರಾಯಿತು.

ನಾನು ಹೆಚ್ಚು ತಲೆಕೆಡಿಸಿಕೊಳ್ಳುವುದು ಟ್ಯಾಂಕಿನ ಒಳಗಿನ ಸಾಮಾನಿನ ಬಗ್ಗೆ. ಪಿಂಗಾಣಿ ನಲವತ್ತು ವರ್ಷ ಇರುತ್ತದೆ. ನೀರು ತುಂಬಿಸುವ ವಾಲ್ವು, ನೀರು ಬಿಡುವ ವಾಲ್ವು, ಅದರ ಬುಡದ ರಬ್ಬರು ಅಷ್ಟು ದಿನ ಇರುವುದಿಲ್ಲ. ಬೋರ್‌ವೆಲ್‌ನ ಗಡಸು ನೀರಿನಲ್ಲಂತೂ ಬಿಳಿ ಉಪ್ಪು ಕಟ್ಟಿಕೊಂಡು ಬೇಗ ಬಿಗಿಯುತ್ತವೆ. ಅಂಗಡಿಯಲ್ಲಿ ಟ್ಯಾಂಕಿನ ಮುಚ್ಚಳ ತೆಗೆಸಿ, ಈ ಒಳಗಿನ ಸೆಟ್ಟು, ಸೀಟು ಬಿಡಿಯಾಗಿ ಕೊಡಿ, ರೇಟು ಎಷ್ಟು ಅಂತ ಕೇಳಿ. ಕಪಾಟಿನಿಂದ ತೆಗೆದು ಮುಂದಿಟ್ಟರೆ ಆ ಕಮೋಡ್ ತೆಗೆದುಕೊಳ್ಳಿ. ‘ಬೆಂಗಳೂರಿಂದ ತರಿಸಿಕೊಡ್ತೀವಿ ಮೇಡಂ’ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಡ್ಯುಯಲ್ ಫ್ಲಶ್ ಬೇಕೇ ಬೇಕು, 3 ಮತ್ತು 6 ಲೀಟರಿನದು. ಲೆಕ್ಕ ನೋಡಿ. ಆರು ಜನ ದಿನಕ್ಕೆ ಐದೈದು ಸಲ ಅಂದರೆ 30 ಫ್ಲಶ್. ಹಳೇ 10 ಲೀಟರ್ ಟ್ಯಾಂಕಾದರೆ 300 ಲೀಟರ್ ಹೋಯಿತು. ಹೊಸದರಲ್ಲಿ ಆರು ಸಲ ದೊಡ್ಡ ಗುಂಡಿ, 24 ಸಲ ಚಿಕ್ಕ ಗುಂಡಿ ಒತ್ತಿದರೆ 36 ಮತ್ತು 72, ಒಟ್ಟು 108. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವವರಿಗೆ ಇದು ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಮೋಡ್ ಆರಿಸಿದ ಮೇಲೆ ಪೀಸನ್ನು ಡಬ್ಬದಿಂದ ಹೊರಗೆ ತೆಗೆಸಿ. ಶೋಕೇಸಿನದನ್ನು ನೋಡಿ ಗೋಡೌನಿನದನ್ನು ಹೊತ್ತುಕೊಂಡು ಹೋಗುವುದು ಬೇಡ. ಸಮತಟ್ಟಾದ ನೆಲದ ಮೇಲಿಟ್ಟು ಮೂಲೆಗಳನ್ನು ಒತ್ತಿ ನೋಡಿ, ಕುಣಿಯಬಾರದು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಗ್ಲೇಜಿನಲ್ಲಿ, ಅಂದರೆ ಮೇಲಿನ ಹೊಳಪಿನ ಪದರದಲ್ಲಿರುವ ಸೂಜಿತೂತು ಕಾಣುತ್ತದೆ. ಬಟ್ಟಲಿನ ಗಂಟಲೊಳಗೆ ಕೈ ಹಾಕಿ ಸವರಿ. ನಾಚಿಕೆ ಬೇಡ, ಹೊಸದು ತಾನೇ? ಅಲ್ಲೂ ನುಣುಪಾಗಿರಬೇಕು. ಒರಟಾಗಿದ್ದರೆ ಕೊಳೆ ಹಿಡಿಯುವುದು ಅಲ್ಲೇ. ಕೊನೆಗೆ ಬೆರಳ ಗೆಣ್ಣಿನಿಂದ ನಾಲ್ಕು ಕಡೆ ತಟ್ಟಿ. ಕೊಬ್ಬರಿಯನ್ನು ಕುಲುಕಿ ಸದ್ದು ಕೇಳಿ ಬೆಲೆ ಕಟ್ಟುವ ಊರಿನವಳು ನಾನು. ಕಮೋಡಿಗೂ ಸದ್ದೇ ಸಾಕ್ಷಿ. ಗಟ್ಟಿ ಪೀಸು ಕಂಚಿನ ಹಾಗೆ ಠಣ್ ಅನ್ನುತ್ತದೆ, ಕೂದಲೆಳೆ ಬಿರುಕಿದ್ದರೆ ಒಡೆದ ಮಡಕೆಯ ಹಾಗೆ ಬೊದ್ದು ಸದ್ದು. ಮೈಮೇಲೆ ಐಎಸ್ 2556 ಅನ್ನುವ ಗುರುತು ಇದೆಯಾ ನೋಡಿ. ಪಿಂಗಾಣಿ ಸ್ಯಾನಿಟರಿ ಸಾಮಾನಿನ ಭಾರತೀಯ ಮಾನಕ ಅದು.

ಕೂರಿಸುವ ದಿನ ಒಂದು ಮಾತಿಗೆ ಹಟ ಹಿಡಿಯಿರಿ. ಕೆಲವು ಪ್ಲಂಬರ್‌ಗಳು ಕಮೋಡಿನ ಹೊಟ್ಟೆಯೊಳಗೆ ಸಿಮೆಂಟ್ ತುಂಬಿ ನೆಲಕ್ಕೆ ಅಂಟಿಸಿಬಿಡುತ್ತಾರೆ. ಮುಂದೆ ತೆಗೆಯಬೇಕಾದರೆ ಸುತ್ತಿಗೆಯೇ ಗತಿ, ಕಮೋಡ್ ಚೂರು, ಟೈಲ್ಸೂ ಚೂರು. ಸ್ಕ್ರೂ ಹಾಕಿ ಬಿಗಿದು, ಸುತ್ತ ಸಿಲಿಕೋನ್ ಎಳೆಯಲಿ. ಹಿಂಬದಿ ಒಂದೆರಡು ಇಂಚು ಮಾತ್ರ ಎಳೆಯದೆ ಬಿಡಲಿ. ಒಳಗೆ ಸೋರಿದರೆ ನೀರು ಅಲ್ಲಿಂದ ಹೊರಗೆ ಬಂದು ನಿಮಗೆ ತಿಳಿಯುತ್ತದೆ. ಪೂರ್ತಿ ಮುಚ್ಚಿದರೆ ಕೆಳಗಿನ ಮನೆಯವರ ಸೀಲಿಂಗ್ ಒದ್ದೆಯಾದಾಗಲೇ ತಿಳಿಯುವುದು.

ಅತ್ತೆ ಮಾವನ ಟಾಯ್ಲೆಟ್‌ಗೆ ಎತ್ತರ ನೋಡಿ. ಅವರು ಕೈ ಊರದೆ ಸಲೀಸಾಗಿ ಏಳುವ ಕುರ್ಚಿ ಯಾವುದೋ ಅದರ ಎತ್ತರ ಅಳೆಯಿರಿ. ಸೀಟು ಸೇರಿಸಿ ಕಮೋಡ್ ಅಷ್ಟು ಬರಬೇಕು. ಮಾಮೂಲಿ ಕಮೋಡುಗಳು 15-16 ಇಂಚು, ಮಂಡಿ ನೋವಿನವರಿಗೆ 17-18 ಹಿತ. ಪಕ್ಕದ ಗೋಡೆಗೆ ಹಿಡಿಕೆ ಹಾಕಿಸುವುದನ್ನು ಈಗಲೇ ಮೇಸ್ತ್ರಿಗೆ ಹೇಳಿಬಿಡಿ.

ಪ್ರಶ್ನೆ: ಅಕ್ಕಾ, ಎರಡು ವರ್ಷದಲ್ಲಿ ಮೂರನೇ ಸೀಟು ಒಡೆಯಿತು. ಪ್ರತಿ ಸಲವೂ ಹಿಂದಿನ ಕೀಲಿನ ಹತ್ತಿರವೇ. ನಮ್ಮನೆಯಲ್ಲಿ ಯಾರೂ ಅಂಥ ದಪ್ಪ ಇಲ್ಲ. ಕಳೆದ ಸಲ ತಂದದ್ದು ಕೂರುವುದೇ ಇಲ್ಲ, ಮುಂದಕ್ಕೆ ಚಾಚಿಕೊಂಡಿದೆ. ಗಟ್ಟಿ ಸೀಟು ಅಂದರೆ ಯಾವುದು?
— ಶಾಲಾ ಶಿಕ್ಷಕ, ಚಿಕ್ಕನಾಯಕನಹಳ್ಳಿ

ಉತ್ತರ: ದಪ್ಪದವರ ಮೇಲೆ ಅಪವಾದ ಹೊರಿಸದೆ ಇದ್ದದ್ದಕ್ಕೆ ಮೊದಲು ಧನ್ಯವಾದ ಮೇಷ್ಟ್ರೇ. ಈಗ ಎದ್ದು ಹೋಗಿ ಸೀಟನ್ನು ಎತ್ತಿ ಅದರ ತಳ ನೋಡಿ. ಅಲ್ಲಿ ಪುಟ್ಟ ರಬ್ಬರ್ ಬುಷ್‌ಗಳು ಇರಬೇಕು, ಸಾಮಾನ್ಯವಾಗಿ ನಾಲ್ಕು. ಎಷ್ಟಿವೆ ಎಣಿಸಿ. ಒಂದು ಉದುರಿಹೋಗಿದ್ದರೂ ಸೀಟು ಪಿಂಗಾಣಿಯ ಮೇಲೆ ಸಮನಾಗಿ ಕೂರದೆ ಎತ್ತರ ತಗ್ಗಾಗಿ ನಿಲ್ಲುತ್ತದೆ. ಕೂತವರ ಭಾರ ಬಟ್ಟಲಿನ ಮೇಲೆ ಬೀಳುವುದರ ಬದಲು ಹಿಂದಿನ ಕೀಲಿನ ಮೇಲೆ ಬೀಳುತ್ತದೆ. ಕೀಲಿನ ಹತ್ತಿರವೇ ಸೀಳಿತು ಅಂತ ನೀವು ಬರೆದದ್ದನ್ನು ಓದಿದ ಕೂಡಲೇ ನನಗೆ ಇದೇ ಅನುಮಾನ ಬಂತು. ಬೋಲ್ಟು ಸಡಿಲವಾಗಿ ಸೀಟು ಅತ್ತಿತ್ತ ಜಾರುತ್ತಿದ್ದರೂ ಕಥೆ ಅದೇ. ತಿಂಗಳಿಗೊಮ್ಮೆ ಕೆಳಗಿನ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿ ಪೌರುಷ ತೋರಿಸಬೇಡಿ, ಪಿಂಗಾಣಿ ಬಿರಿಯುತ್ತದೆ.

ಸೀಟಿನ ಜಾತಿ ಮುಖ್ಯವಾಗಿ ಎರಡು. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಹಗುರ, ಅಗ್ಗ, ಹೆಬ್ಬೆರಳಲ್ಲಿ ಒತ್ತಿದರೆ ಬಗ್ಗುತ್ತದೆ. ಯುಎಫ್, ಅಂದರೆ ಯೂರಿಯಾ ಫಾರ್ಮಾಲ್ಡಿಹೈಡ್, ಕೈಯಲ್ಲಿ ಹಿಡಿದರೆ ಪಿಂಗಾಣಿ ತಟ್ಟೆಯ ಹಾಗೆ ತೂಕ, ಗೀರು ಬೀಳುವುದು ಕಡಿಮೆ, ಬೇಗ ಹಳದಿಯಾಗುವುದಿಲ್ಲ. ಆದರೆ ನೆಲದ ಮೇಲೆ ಬಿದ್ದರೆ ಬಗ್ಗುವ ಗುಣ ಇಲ್ಲ, ಒಡೆಯುತ್ತದೆ. ದಿನವೂ ಐದಾರು ಜನ ಬಳಸುವ ಮನೆಗೆ ಯುಎಫ್ ತೆಗೆದುಕೊಳ್ಳಿ. ಕೀಲಿನ ಕಡ್ಡಿ, ಬೋಲ್ಟು ಸ್ಟೀಲಿನದಿರಲಿ. ಗುಂಡಿ ಒತ್ತಿದರೆ ಸೀಟು ಕೈಗೆ ಬರುವ ಮಾದರಿ ಸಿಕ್ಕರೆ ಬಿಡಬೇಡಿ, ಕೀಲಿನ ಸಂದಿ ತೊಳೆಯಲು ಅದರಷ್ಟು ಸುಖ ಇಲ್ಲ. ಸಾಫ್ಟ್ ಕ್ಲೋಸ್ ಬೇಕಾ ಅಂದರೆ, ರಾತ್ರಿ ಎದ್ದವರು ಟಪ್ಪಂತ ಬಿಡುವ ಮನೆಗೆ ಬೇಕು. ಅದು ತಾನಾಗಿ ಇಳಿಯುವವರೆಗೆ ಕಾಯುವ ತಾಳ್ಮೆ ಮಾತ್ರ ಎಲ್ಲರಿಗೂ ಇರಬೇಕು. ಒತ್ತಿ ಮುಚ್ಚಿದರೆ ಒಳಗಿನ ಡ್ಯಾಂಪರ್ ಹಾಳು.

ಸೀಟಿನ ಆಯಸ್ಸು ಕಡಿಮೆ ಮಾಡುವ ಇನ್ನೆರಡು ಅಭ್ಯಾಸಗಳಿವೆ. ಮುಚ್ಚಳದ ಮೇಲೆ ಕೂತು ಮಕ್ಕಳಿಗೆ ಸ್ನಾನ ಮಾಡಿಸುವುದು, ಹತ್ತಿ ನಿಂತು ಎಕ್ಸಾಸ್ಟ್ ಫ್ಯಾನ್ ಒರೆಸುವುದು ಒಂದು. ಇನ್ನೊಂದು, ರಾತ್ರಿ ಆ್ಯಸಿಡ್ ಸುರಿದು ಮುಚ್ಚಳ ಹಾಕಿ ಮಲಗುವುದು. ಆ ಹೊಗೆ ಒಳಗೇ ಸುತ್ತಿ ಸ್ಟೀಲ್ ಬೋಲ್ಟನ್ನೂ ತುಕ್ಕು ಹಿಡಿಸುತ್ತದೆ. ಇಂಡಿಯನ್ ರೂಢಿಯಾದವರು ಕಮೋಡಿನ ಮೇಲೆ ಹತ್ತಿ ಕುಕ್ಕರುಗಾಲಲ್ಲಿ ಕೂರುವುದೂ ಉಂಟು. ಸೀಟು ಹೋದರೆ ಹೋಗಲಿ, ಪಿಂಗಾಣಿ ಒಡೆದರೆ ಅದರ ಅಂಚು ಮಚ್ಚಿನ ಹಾಗೆ ಕೊಯ್ಯುತ್ತದೆ. ಮನೆಯಲ್ಲಿ ಅಂಥವರಿದ್ದರೆ ಗದರಿಸಬೇಡಿ, ಅವರಿಗೊಂದು ಇಂಡಿಯನ್ ಪ್ಯಾನ್ ಮಾಡಿಸಿಕೊಡಿ.

ಅಳತೆಯ ವಿಷಯ. ‘ದೊಡ್ಡದು’, ‘ಉದ್ದಂದು’, ‘ಮೊಟ್ಟೆ ಶೇಪು’ ಅಂತ ಹೇಳಿದರೆ ನಮಗೆ ಏನೂ ತಿಳಿಯುವುದಿಲ್ಲ. ಒಮ್ಮೆ ಕೊಬ್ಬರಿ ಮಾರಲು ಬಂದ ಅಜ್ಜಿಯೊಬ್ಬರು ಸೆರಗಿನಿಂದ ಮಡಿಸಿದ ಹಳೇ ಕ್ಯಾಲೆಂಡರ್ ಹಾಳೆ ತೆಗೆದು ಕೌಂಟರ್ ಮೇಲೆ ಹರಡಿದರು. ಹಾಳೆಯನ್ನು ಕಮೋಡಿನ ಮೇಲೆ ಹಾಸಿ, ಅಂಚಿನ ಉದ್ದಕ್ಕೂ ಇದ್ದಿಲಿನಲ್ಲಿ ಗೆರೆ ಎಳೆದು, ಹಿಂದಿನ ಎರಡು ತೂತುಗಳಿದ್ದಲ್ಲಿ ಊದುಬತ್ತಿಯಿಂದ ಚುಚ್ಚಿ ತಂದಿದ್ದರು. ನಾನು ಮೂರು ಸೀಟು ಇಟ್ಟು ನೋಡಿ ಮೂರನೆಯದನ್ನು ಕಟ್ಟಿಕೊಟ್ಟೆ, ವಾಪಸ್ ಬರಲಿಲ್ಲ. ಅದೇ ದಿನ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬಂದ ಇಂಜಿನಿಯರ್ ಎರಡು ಸಲ ಬದಲಾಯಿಸಿದರು. ನೀವು ಅಜ್ಜಿಯ ದಾರಿ ಹಿಡಿಯಿರಿ. ಸ್ಕೇಲಿನಲ್ಲೇ ಅಳೆಯುವುದಾದರೆ ಮೂರು ಅಳತೆ ಬೇಕು: ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ, ತೂತಿನ ಸಾಲಿನಿಂದ ಮೂತಿಯ ತುದಿಗೆ, ಅತಿ ಅಗಲವಾದ ಕಡೆಯ ಅಗಲ. ಮುಂದಿನ ಭಾಗ ದುಂಡಗೋ, ಮೊಟ್ಟೆಯಂತೋ, ಇಂಗ್ಲಿಷಿನ ಡಿ ಅಕ್ಷರದಂತೋ ಅನ್ನುವುದನ್ನೂ ಬರೆದುಕೊಳ್ಳಿ. ಕಮೋಡಿನ ಮಾಡೆಲ್ ನಂಬರ್ ಹಳೇ ಬಿಲ್ಲಿನಲ್ಲಿ ಸಿಕ್ಕರೆ ಈ ತಾಪತ್ರಯವೇ ಇಲ್ಲ. ಬಿಲ್ಲು ಯಾರಿಟ್ಟಿರುತ್ತಾರೆ ಹೇಳಿ!

ಪ್ರಶ್ನೆ: ಈಗಿನವರೆಲ್ಲ ಗೋಡೆಗೆ ನೇತುಹಾಕುವ ಕಮೋಡ್ ಹಾಕಿಸುತ್ತಾರೆ. ಮಗ ಅದೇ ಬೇಕು ಅನ್ನುತ್ತಾನೆ. ಕೂತಾಗ ಕಿತ್ತುಬಂದರೆ ಏನು ಗತಿ?
— ನಿವೃತ್ತ ನೌಕರರು, ಹಾಸನ

ಉತ್ತರ: ಸರಿಯಾಗಿ ಹಾಕಿದ್ದು ಕಿತ್ತು ಬರುವುದಿಲ್ಲ ಸರ್. ಭಾರ ಹೊರುವುದು ಗೋಡೆಯೊಳಗಿನ ಕಬ್ಬಿಣದ ಫ್ರೇಮು ಇಲ್ಲವೇ ಉದ್ದ ಬೋಲ್ಟುಗಳು, ಟೈಲ್ಸ್ ಅಲ್ಲ. ನಾಲ್ಕಿಂಚಿನ ಹಾಲೋ ಬ್ಲಾಕ್ ಗೋಡೆಗೆ ಬರೀ ಬೋಲ್ಟು ಚುಚ್ಚಿ ಕೂರಿಸುತ್ತೇನೆ ಅಂದವರನ್ನು ಒಳಗೆ ಬಿಡಬೇಡಿ. ಅಂಥ ಗೋಡೆಗೆ ನೆಲಕ್ಕೆ ಕಾಲೂರುವ ಫ್ರೇಮೇ ಬೇಕು. ಕೆಳಗೆ ನೆಲ ಗುಡಿಸಿ ಒರೆಸುವುದು ಸುಲಭ, ಎತ್ತರವನ್ನು ನಿಮಗೆ ಬೇಕಾದ ಹಾಗೆ ಇಡಿಸಿಕೊಳ್ಳಬಹುದು, ಇವು ಅದರ ಒಳ್ಳೆಯ ಗುಣ. ಗೋಡೆಯೊಳಗೆ ಹೂತ ಟ್ಯಾಂಕು ಕೆಟ್ಟರೆ ಗುಂಡಿಯ ಪ್ಲೇಟು ತೆಗೆದು ಅಲ್ಲಿಂದಲೇ ರಿಪೇರಿ ಮಾಡುವಂತಿರಬೇಕು. ಕೊಳ್ಳುವಾಗ ಪ್ಲೇಟು ಬಿಚ್ಚಿ ತೋರಿಸಲು ಹೇಳಿ. ಮಗನ ಮಾತು ಕೇಳಬಹುದು, ಆದರೆ ಪ್ಲಂಬರ್‌ನನ್ನು ನೀವು ಆರಿಸಿ.

ಪ್ರಶ್ನೆ: ರಾತ್ರಿ ಎಲ್ಲರೂ ಮಲಗಿದ ಮೇಲೆ ಕಮೋಡಿನ ಟ್ಯಾಂಕಿನಿಂದ ಸುಯ್ ಅಂತ ಸದ್ದು. ನೀರು ಕಾಣಿಸುವುದಿಲ್ಲ. ಹೊಸ ಟ್ಯಾಂಕೇ ಹಾಕಿಸಬೇಕಾ?
— ಓದುಗರು, ತುರುವೇಕೆರೆ

ಉತ್ತರ: ಬೇಡ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಟ್ಯಾಂಕಿಗೆ ಬಿಟ್ಟು ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡಬೇಡಿ. ಬಟ್ಟಲಿಗೆ ನೀಲಿ ಇಳಿದಿದ್ದರೆ ಹೆಚ್ಚಾಗಿ ಬುಡದ ರಬ್ಬರು ಕುಳಿತಿರುವುದಿಲ್ಲ. ತೆಗೆದು ಉಪ್ಪು ಕೆರೆದು ತೊಳೆಯಿರಿ, ಅದಕ್ಕೂ ನಿಲ್ಲದಿದ್ದರೆ ಹೊಸ ರಬ್ಬರು. ನೀರು ತುಂಬಿಸುವ ವಾಲ್ವಿನ ಕಡೆಯೂ ನೋಡಿ. ಅದು ನಿಲ್ಲದೆ ನೀರು ಬಿಡುತ್ತಿದ್ದರೆ ಒಳಗಿನ ಓವರ್‌ಫ್ಲೋ ಕೊಳವೆಯ ಬಾಯಿಂದ ನೀರು ಇಳಿಯುವುದು ಮುಚ್ಚಳ ತೆಗೆದರೆ ಕಾಣುತ್ತದೆ. ವಾಲ್ವಿನ ಬಾಯಲ್ಲಿ ಸಣ್ಣ ಜಾಲರಿಯೂ ಇರುತ್ತದೆ. ಬೋರ್‌ವೆಲ್ ಮರಳು ಕಟ್ಟಿ ಟ್ಯಾಂಕು ನಿಧಾನ ತುಂಬುತ್ತಿದ್ದರೆ ಅದನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ.

ಪ್ರಶ್ನೆ: ಬಟ್ಟಲಲ್ಲಿ ಕಂದು ಬಣ್ಣದ ಉಂಗುರ ಕಟ್ಟಿದೆ. ಆ್ಯಸಿಡ್ ಹಾಕಿದರೂ ಹೋಗಲಿಲ್ಲ. ಬ್ಲೀಚಿಂಗ್ ಪೌಡರ್ ಸೇರಿಸಿ ಹಾಕು ಅಂತ ಪಕ್ಕದ ಮನೆಯವರು ಹೇಳಿದರು.
— ಗೃಹಿಣಿ, ಕಡೂರು

ಉತ್ತರ: ದಯವಿಟ್ಟು ಸೇರಿಸಬೇಡಿ! ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ, ಬಾಗಿಲು ಮುಚ್ಚಿದ ಪುಟ್ಟ ಕೋಣೆಯಲ್ಲಿ ಜೀವಕ್ಕೇ ಅಪಾಯ. ನಿಮ್ಮದು ಗಡಸು ನೀರಿನ ಉಪ್ಪು. ಹಾಕಿದ ಆ್ಯಸಿಡ್ ಪೂರ್ತಿ ಹೋಗುವ ಹಾಗೆ ಮೊದಲು ನಾಲ್ಕಾರು ಸಲ ಫ್ಲಶ್ ಮಾಡಿ. ಆಮೇಲೆ ಒಂದು ಬಕೆಟ್ ನೀರನ್ನು ರಭಸವಾಗಿ ಸುರಿದು, ಬ್ರಷ್‌ನಿಂದ ತಳ್ಳಿ ಬಟ್ಟಲಿನ ನೀರಿನ ಮಟ್ಟ ಇಳಿಸಿ. ಉಂಗುರ ನೀರಿನಿಂದ ಹೊರಗೆ ಬರುತ್ತದೆ. ದಿನಸಿ ಅಂಗಡಿಯ ಸಿಟ್ರಿಕ್ ಆ್ಯಸಿಡ್, ನಮ್ಮ ಕಡೆ ನಿಂಬೆ ಉಪ್ಪು ಅನ್ನುವುದನ್ನು, ಬಿಸಿನೀರಿನಲ್ಲಿ ಕಲಸಿ ಹಳೇ ಬಟ್ಟೆಗೆ ನೆನೆಸಿ ಉಂಗುರದ ಮೇಲೆ ರಾತ್ರಿ ಹೊದಿಸಿಡಿ. ಬೆಳಿಗ್ಗೆ ಕೈಗವಸು ಹಾಕಿಕೊಂಡು ಬಟ್ಟೆ ತೆಗೆದು ಉಜ್ಜಿ. ಬಟ್ಟೆಯನ್ನು ಮರೆತು ಫ್ಲಶ್ ಮಾಡಿದರೆ ಮುಂದಿನ ಸಂಚಿಕೆಗೆ ಬ್ಲಾಕ್ ಆಗಿದೆ ಅಂತ ನೀವೇ ಪತ್ರ ಬರೆಯುತ್ತೀರಿ.

ಪ್ರಶ್ನೆ: ಹೊಸ ಸೀಟು ತಂದಾಯಿತು. ಹಳೆಯದರ ಬೋಲ್ಟು ತುಕ್ಕು ಹಿಡಿದು ತಿರುಗುತ್ತಿಲ್ಲ.
— ಓದುಗರು, ಗುಬ್ಬಿ

ಉತ್ತರ: ಸುತ್ತಿಗೆಯಿಂದ ತಟ್ಟಬೇಡಿ. ತೆಂಗಿನೆಣ್ಣೆ ಬೇಡ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆಯೂ ಹಟ ಮಾಡಿದರೆ, ಬೋಲ್ಟಿನ ಸುತ್ತ ಪಿಂಗಾಣಿಗೆ ರಟ್ಟಿನ ತುಂಡು ಕವಚ ಇಟ್ಟು, ಹ್ಯಾಕ್ಸಾ ಬ್ಲೇಡಿನ ತುದಿಗೆ ಬಟ್ಟೆ ಸುತ್ತಿ ಹಿಡಿದು ಸೀಟಿಗೂ ಬಟ್ಟಲಿಗೂ ನಡುವೆ ನಿಧಾನ ಕೊಯ್ಯಿರಿ. ಹತ್ತು ಹದಿನೈದು ನಿಮಿಷದ ಕೆಲಸ. ಬಟ್ಟಲಿನ ಬಾಯಿಗೆ ಮೊದಲೇ ಒಂದು ಟವಲ್ ಹಾಸಿಡಿ, ತುಂಡಾದ ಬೋಲ್ಟು ಒಳಗೆ ಬೀಳುತ್ತದೆ.